ಒಂದು ಪತ್ರಕ್ಕೆ ಒಂದೇ ಸುಳ್ಳು

ಕಾಪು
14 ಜನವರಿ 2025

ಮಹಾಪೂಜ್ಯಳೂ ಭಾವೀ ಸಂತಳೂ ನನ್ನ ಏಕೈಕ ಅಕ್ಕನೂ ಆದ ಲೀನಾಳ ಪಾದಾರವಿಂದಗಳಿಗೆ,

ನಮ್ಮ ಚಿಕ್ಕಪ್ಪ ಲೂಯಿಸ್ ಬಾಪ್ಪುವಿನ ಬ್ರಾಯ್ಲರ್ ಶೆಡ್‌ನಿಂದ ನಿನ್ನ ತಮ್ಮ ಕ್ಲಾಯ್ಡ್ ತೀವ್ರ ಆಘಾತದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಿನ್ನ ಕಾನ್ವೆಂಟಿನವರಿಗೆ ತಮಾಷೆ ಅರ್ಥವಾಗುವುದಿಲ್ಲ.

ಮೊನ್ನೆ ಆದಿತ್ಯವಾರ ಗಂಟಲನ್ನು ಸ್ವಲ್ಪ ಭಾರ ಮಾಡಿಕೊಂಡು ಫೋನ್ ಮಾಡಿದೆ. "ನಾನು ಬಿಷಪರ ಕಾರ್ಯದರ್ಶಿ. ನೊವಿಸ್ ಲೀನಾಳನ್ನು ಕರೆಯಿರಿ" ಎಂದೆ, ಅಷ್ಟೆ. ನಿಮ್ಮಂಥ ಇನ್ನೂ ವ್ರತ ಆಗದ ನೊವಿಸ್‌ಗಳನ್ನು ತಿದ್ದುವ ನೊವಿಸ್ ಮಿಸ್ಟ್ರೆಸ್ ಸಿಸ್ಟರ್ ಪ್ರೆಸಿಲ್ಲಾ ಎದ್ದು ನಿಂತರು. ಕುರ್ಚಿ ಸರಿದ ಸದ್ದು ನನಗೆ ಕೇಳಿಸಿತು. ಎಲ್ಲ ಸುಸೂತ್ರವಾಗಿ ನಡೆಯುವಾಗ ಬಾಪ್ಪು ಸಾಕಿದ ಊರ ಹುಂಜ ನನ್ನ ಬೆನ್ನ ಹಿಂದೆ ಕೂಗಿಬಿಟ್ಟಿತು.

"ಬಿಷಪರ ಮನೆಯಲ್ಲಿ ಹುಂಜ ಉಂಟಾ?" ಎಂದರು.

"ಸಂತ ಪೇತ್ರರು ಸುಳ್ಳು ಹೇಳಿದ ರಾತ್ರಿಯಿಂದಲೂ ಉಂಟು, ಸಿಸ್ಟರ್" ಎಂದೆ. ಫೋನ್ ಕಟ್. ಸಂಜೆ ಬಾಪ್ಪುವಿನ ದನಿಯಲ್ಲಿ, ಅವರ ಕೆಮ್ಮಿನ ಸಮೇತ, ಮತ್ತೊಮ್ಮೆ ಪ್ರಯತ್ನಿಸಿದೆ. ಅದೂ ಕಟ್. ನೊವಿಸ್‌ಗಳ ಕೈಗೆ ಮೊಬೈಲ್ ಕೊಡದ ಮೇಲೆ ಉಳಿದದ್ದು ಅಂಚೆ. ಕಾಪುವಿನಿಂದ ಕಾರ್ಕಳಕ್ಕೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ನಿನಗೆ ಮಾತ್ರ ನಾನು ದುಬೈಗೆ ಬರೆದ ಹಾಗೆ ಬರೆಯಬೇಕು.

ಹಾಗಾಗಿ ನಮ್ಮ ಹಳೆಯ ಆಟವನ್ನು ಈ ಮೂಲಕ ವಿಧಿವತ್ತಾಗಿ ಪುನಃ ಸ್ಥಾಪಿಸಿದ್ದೇನೆ. ಚಿಕ್ಕವರಿರುವಾಗ ಜಪಸರ ಮುಗಿದು ಚಾಪೆಯಲ್ಲಿ ಮಲಗಿ ಆಡುತ್ತಿದ್ದೆವಲ್ಲ, ಅದೇ. ಒಂದು ಪತ್ರಕ್ಕೆ ಒಂದೇ ಸುಳ್ಳು. ಹುಡುಕುವುದು ಓದುವವರ ಕರ್ಮ.

ವರ್ತಮಾನ. ಫೀಡ್ ಚೀಲದ ರೇಟು ಕೇಳಿ ಬಾಪ್ಪು ಅಂಗಡಿಯ ಮೆಟ್ಟಿಲಲ್ಲೇ ಕುಳಿತುಬಿಟ್ಟರು. ಎದ್ದ ಮೇಲೆ ನನ್ನನ್ನು ಪರ್ಯಾಯ ಆಹಾರ ಖಾತೆಯ ಸಚಿವನನ್ನಾಗಿ ನೇಮಿಸಿದರು. ಬೆಳ್ಮಣ್ಣಿನ ಅಕ್ಕಿ ಮಿಲ್ಲಿನ ತೌಡು, ಎಣ್ಣೆ ಗಾಣದ ತೆಂಗಿನ ಹಿಂಡಿ, ಯಾರೋ ಎಸೆಯುವ ಹಲಸಿನ ಬೀಜ, ಎಲ್ಲವೂ ಈಗ ನನ್ನ ಖಾತೆಗೆ ಸೇರಿದ್ದು. ಮಸ್ಕತ್‌ನಿಂದ ಮಮ್ಮಿ ವಿಡಿಯೋ ಕಾಲ್ ಮಾಡಿ ನನ್ನನ್ನು ಬಾಯಿತುಂಬ ಹೊಗಳಿದರು. ಕೋಳಿಗಳು ರೇಡಿಯೋದ ಕೊಂಕಣಿ ಕಾರ್ಯಕ್ರಮ ಬಂದಾಗ ಸುಮ್ಮನಾಗುತ್ತವೆ.

ವಿನೀತ,
ಕ್ಲಾಯ್ಡ್

*

ಕಾರ್ಕಳ
26 ಜನವರಿ 2025

ಪ್ರೀತಿಯ ಕ್ಲಾಯ್ಡ್,

ಸುಳ್ಳು: ಮಮ್ಮಿ ನಿನ್ನನ್ನು ಹೊಗಳಿದ್ದು. ಇಷ್ಟು ಸುಲಭದ್ದು ಇನ್ನು ಕಳುಹಿಸಬೇಡ.

ಫೋನ್ ಮಾಡುವುದನ್ನು ನಿಲ್ಲಿಸು. ಸಿಸ್ಟರ್ ಪ್ರೆಸಿಲ್ಲಾ ಊಟದ ಮೇಜಿನಲ್ಲಿ ಎಲ್ಲರ ಎದುರು, "ಲೀನಾ, ನಿನಗೆ ಬಿಷಪರ ಕಾರ್ಯದರ್ಶಿಗಳು ತುಂಬ ಹತ್ತಿರವಂತೆ" ಎಂದರು. ಉಳಿದ ನೊವಿಸ್‌ಗಳು ನಗು ತಡೆಯಲಾರದೆ ಗಂಜಿಗೆ ಮುಖ ಹಾಕಿದರು.

ನನಗೊಂದು ಕೆಲಸ ಸಿಕ್ಕಿದೆ. ಇಲ್ಲಿ ಸಿಸ್ಟರ್‌ಗಳು ನೋಡಿಕೊಳ್ಳುವ ಅಜ್ಜಿಯಂದಿರ ಮನೆಗೆ ಪ್ರತಿ ಈಸ್ಟರ್‌ಗೆ ನಮ್ಮ ಗೂಡಿನದ್ದೇ ಕೋಳಿ. ಈ ವರ್ಷ ಅವುಗಳನ್ನು ಸಾಕುವುದು ನಾನು. ಬೂದಿ ಬುಧವಾರದ ಹಿಂದಿನ ದಿನ ಐವತ್ತು ಮರಿ ಬರುತ್ತವೆ. ಮೇ ತಿಂಗಳಲ್ಲಿ ನನ್ನ ಮೊದಲ ವ್ರತ ಆಗಿ ನಾನೂ ಸಿಸ್ಟರ್ ಆಗಬೇಕು. ಆಮೇಲೆ ಅಜ್ಜಿಯಂದಿರ ಮನೆಯಲ್ಲೇ ಇರಬೇಕೆಂದು ನನ್ನ ಆಸೆ. "ಮೊದಲು ಕೋಳಿ ನೋಡುವ, ಆಮೇಲೆ ವ್ರತ ನೋಡುವ" ಎಂದಿದ್ದಾರೆ ಸಿಸ್ಟರ್. ತಮಾಷೆಗೆ ಹೇಳಿದ್ದೋ ಏನೋ.

ಫೀಡ್ ಪೂರ್ತಿ ಕೊಂಡು ತರುವುದು ಬೇಡವಂತೆ. ಮಣಿಪಾಲದ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವಳಿಗೆ ಕೋಳಿಯ ವಿಷಯ ಎಂತ ಗೊತ್ತು? ಅಡುಗೆಮನೆಯಲ್ಲಿ, ಗದ್ದೆಯಲ್ಲಿ ಉಳಿದದ್ದನ್ನು ಹೇಗೆ ಹಾಕುವುದೆಂದು, ಸಚಿವರು ಪುರುಸೊತ್ತಿದ್ದರೆ ಬರೆಯಲಿ. ಬೂದಿ ಬುಧವಾರದೊಳಗೆ ತಲುಪಬೇಕು. ಅಂದಿನಿಂದ ಈಸ್ಟರ್ ತನಕ, ತಪಸ್ಸುಕಾಲ ಪೂರ್ತಿ, ನಮಗೆ ಪತ್ರವಿಲ್ಲ. ಬಂದದ್ದನ್ನೂ ನಾವು ಬರೆದದ್ದನ್ನೂ ಸಂತ ಜೋಸೆಫರ ಪ್ರತಿಮೆಯ ಕೆಳಗಿನ ಡ್ರಾಯರಿನಲ್ಲಿ ಹಾಕಿ ಬೀಗ ಹಾಕುತ್ತಾರೆ. ಈಸ್ಟರ್‌ಗೆ ತೆಗೆಯುವುದು.

ನಾನು ನಿನ್ನನ್ನು ದಿನಾ ನೆನೆಯುತ್ತೇನೆ. ಇಲ್ಲಿಯ ಇಡ್ಲಿ ಚೆನ್ನಾಗಿರುತ್ತದೆ. (ಒಂದು ಸುಳ್ಳು.)

ಅಕ್ಕ

*

ಕಾಪು
20 ಫೆಬ್ರುವರಿ 2025

ಕುಕ್ಕುಟ ಪಾಲನಾ ಧುರಂಧರೆಗೆ,

ಸುಳ್ಳು ಇಡ್ಲಿಯದ್ದು. ಆಗಿರಲಿ ಎಂದು ಪ್ರಾರ್ಥಿಸುತ್ತೇನೆ.

ಎಂತಹ ದೈವಸಂಕಲ್ಪ ನೋಡು. ತಪಸ್ಸುಕಾಲ ಎಷ್ಟು ದಿನವೋ ಬ್ರಾಯ್ಲರಿನ ಆಯುಸ್ಸೂ ಸರಿಸುಮಾರು ಅಷ್ಟೇ. ಬೂದಿ ಬಳಿದುಕೊಂಡು ಬರುತ್ತವೆ, ಈಸ್ಟರ್ ದಿನ ಸಾರಿನಲ್ಲಿ ಏಳುತ್ತವೆ. ಇಷ್ಟು ಭಕ್ತಿಯ ಪ್ರಾಣಿ ನಮ್ಮ ಚರ್ಚಿನ ಗಾಯನ ತಂಡದಲ್ಲೂ ಇಲ್ಲ.

ಇನ್ನು ಕಟ್ಟಳೆಗಳು. ಮೂರು ವಾರದ ತನಕ ಅಂಗಡಿಯ ಸ್ಟಾರ್ಟರ್, ಅಂದರೆ ಎಳೆ ಮರಿಗಳ ಫೀಡ್, ಮಾತ್ರ. ಎಳೆ ಮರಿಯ ಮೇಲೆ ಪ್ರಯೋಗ ಮಾಡಿದವರಿಗೆ ನರಕದಲ್ಲಿ ಪ್ರತ್ಯೇಕ ಶೆಡ್ ಉಂಟು. ಆಮೇಲೆ ಫೀಡ್ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ನಮ್ಮದನ್ನು ಬೆರೆಸುವುದು. ತೌಡು ಹೊಸತಿರಬೇಕು. ಮೂಸಿ ನೋಡು, ಕಮಟು ವಾಸನೆ ಬಂದರೆ ದನಕ್ಕೂ ಬೇಡ. ತೆಂಗಿನ ಹಿಂಡಿಯನ್ನು ಕುಟ್ಟಿ ಪುಡಿ ಮಾಡಿ ಹಾಕು. ಹಲಸಿನ ಬೀಜವನ್ನು ಬೇಯಿಸಿ, ಒಣಗಿಸಿ, ನುಚ್ಚು ಮಾಡು. ಒಣಮೀನಿನ ಪುಡಿ ಒಂದು ಮುಷ್ಟಿ ಸಾಕು. ಅದನ್ನೂ ಕೊನೆಯ ವಾರ ಪೂರ್ತಿ ನಿಲ್ಲಿಸು, ಇಲ್ಲದಿದ್ದರೆ ಅಜ್ಜಿಯಂದಿರು ಕೋಳಿ ಸಾರಿನಲ್ಲಿ ಬಂಗುಡೆ ಹುಡುಕಿಯಾರು.

ತಪಸ್ಸುಕಾಲವಾದ್ದರಿಂದ ನೀವು ದಿನಾ ಗಂಜಿ, ಮರಗೆಣಸು ತಿನ್ನುವವರು. ಬೆಟ್ಟದಷ್ಟು ಸಿಪ್ಪೆ ಬೀಳುತ್ತದೆ. ಎಸೆಯಬೇಡ, ಅದು ರಾಜಾಹಾರ. ಒಣಗಿಸುವ ರಗಳೆಯೂ ಬೇಡ. ಹಸಿ ಇರುವಾಗಲೇ ಸಣ್ಣಗೆ ತುರಿದು ಧಾರಾಳವಾಗಿ ಬೆರೆಸು. ಸತ್ವ ಇರುವುದೇ ಹಸಿಯಲ್ಲಿ.

ಕೊನೆಗೆ ಒಂದು ರಾಜ್ಯರಹಸ್ಯ. ನೀನು ಕಾನ್ವೆಂಟಿಗೆ ಹೊರಟ ದಿನ ನಾನು ಶೆಡ್‌ಗೆ ಹೋಗಿ ಉಮಿಯ ಮೇಲೆ ಕುಳಿತು ಅತ್ತೆ. ಕೋಳಿಗಳು ಸುತ್ತ ನಿಂತು ಕತ್ತು ಓರೆ ಮಾಡಿ ನೋಡಿದವು. ಒಂದು ನನ್ನ ಚಪ್ಪಲಿಯ ಬಾರನ್ನು ಕುಕ್ಕಿತು.

ನಿಯಮ ನೆನಪುಂಟಲ್ಲ?

ಸಚಿವ

*

ಕಾರ್ಕಳ
3 ಮಾರ್ಚ್ 2025

ಪ್ರೀತಿಯ ಕ್ಲಾಯ್ಡ್,

ಪತ್ರ ಸಿಕ್ಕಿತು. ನಾಳೆ ಮರಿಗಳು ಬರುತ್ತವೆ. ನಾಡಿದ್ದಿನಿಂದ ಡ್ರಾಯರಿಗೆ ಬೀಗ.

ಸುಳ್ಳು ಯಾವುದೆಂದು ಓದುತ್ತಿದ್ದ ಹಾಗೆಯೇ ಗೊತ್ತಾಯಿತು. ಆದರೆ ಈಗ ಹೇಳುವುದಿಲ್ಲ. ಈಸ್ಟರ್ ತನಕ ಕಾದು ಸಾಯಿ.

ಅಕ್ಕ

*

ಕಾರ್ಕಳ
22 ಮಾರ್ಚ್ 2025
(ಡ್ರಾಯರಿಗೆ)

ಪ್ರೀತಿಯ ಕ್ಲಾಯ್ಡ್,

ನೀನು ಇದನ್ನು ಈಸ್ಟರ್ ಕಳೆದು ಓದುವುದು. ಆಗ ಇದರಲ್ಲಿರುವ ಕೋಳಿಗಳು ಇರುವುದಿಲ್ಲ.

ಐವತ್ತರಲ್ಲಿ ಒಂದೂ ಹೋಗಿಲ್ಲ. ಸಿಸ್ಟರ್ ಪ್ರೆಸಿಲ್ಲಾ ದಿನಾ ಸಂಜೆ ಬಂದು ಗೂಡಿನ ಬಲೆಗೆ ಮೂಗು ತಾಗಿಸಿ ನೋಡಿ ಹೋಗುತ್ತಾರೆ. ನಿನ್ನೆ ಮಾತ್ರ, "ಕೈಗುಣ ಉಂಟು" ಎಂದು ಗೋಡೆಗೆ ಹೇಳಿ ಹೋದರು. ನಾನು ಆ ಗೋಡೆಯನ್ನು ಇವತ್ತು ಎರಡು ಸಲ ನೋಡಿ ಬಂದೆ.

ನಿನಗೆ ಹೇಳದ ಒಂದು ವಿಷಯ. "ಮೊದಲು ಕೋಳಿ, ಆಮೇಲೆ ವ್ರತ" ಎಂದು ಸಿಸ್ಟರ್ ಹೇಳಿದ್ದು ತಮಾಷೆಗಲ್ಲ. ನಾನು ಲ್ಯಾಬಿನಿಂದ ಬಂದವಳು, ಜೀವ ಇರುವುದನ್ನು ನೋಡಿಕೊಳ್ಳಲಿಕ್ಕೆ ಗೊತ್ತಿಲ್ಲ, ಸೀಸೆಯಲ್ಲಿರುವುದು ಮಾತ್ರ ಗೊತ್ತು ಎಂದು ಅವರಿಗೆ ಸಂಶಯ. ಕೋಳಿ ಸರಿಯಾಗಿ ಬೆಳೆದರೆ ಮೇಯಲ್ಲಿ ವ್ರತ, ಇಲ್ಲದಿದ್ದರೆ ಮತ್ತೊಂದು ವರ್ಷ ಕಾಯಬೇಕು. ಬರೆದರೆ ನೀನು ನಗುತ್ತೀ ಎಂದು ಬರೆಯಲಿಲ್ಲ.

ಅಜ್ಜಿಯಂದಿರಲ್ಲಿ ಅಕ್ಕು ಎಂದು ಒಬ್ಬರಿದ್ದಾರೆ, ಹೆಜಮಾಡಿಯವರು. ಜೀವಮಾನವಿಡೀ ಮೀನು ಮಾರಿದವರು. ಒಂದು ಮರಿಯನ್ನು ಆರಿಸಿ ಅದರ ಕಾಲಿಗೆ ಕೆಂಪು ನೂಲು ಕಟ್ಟಿದ್ದಾರೆ. "ಮೀನು ತಿಂದು ತಿಂದು ಬೇಸರ ಬಂದಿದೆ ಮಾರಾಯ್ತಿ. ಈ ಕಾಲು ನನ್ನದು. ಸಿಸ್ಟರಿಗೆ ರೆಕ್ಕೆ ಕೊಡು, ಅವರು ಹೇಗೂ ಸ್ವರ್ಗಕ್ಕೆ ಹೋಗುವವರಲ್ವಾ" ಎನ್ನುತ್ತಾರೆ.

ಮಂಗಳವಾರಕ್ಕೆ ಮೂರು ವಾರ ತುಂಬುತ್ತದೆ. ಅವತ್ತಿನಿಂದ ನಿನ್ನ ಕಟ್ಟಳೆ ಶುರು. ತೌಡು ಮೂಸಿ ನೋಡಿದೆ, ಹೊಸತು. ಮರಗೆಣಸಿನ ಸಿಪ್ಪೆಯನ್ನು ಅಡುಗೆಮನೆಯವರು ನನಗಾಗಿ ಬೇರೆ ಬುಟ್ಟಿಯಲ್ಲಿ ಹಾಕುತ್ತೇವೆ ಎಂದಿದ್ದಾರೆ.

ಅಕ್ಕ

*

ಬಸ್ಸಿನಲ್ಲಿ
25 ಮಾರ್ಚ್ 2025, ಮಂಗಳವಾರ

ಲೀನಾ,

ಅಕ್ಷರ ಓಡುತ್ತಿದೆ, ಹೇಗಾದರೂ ಓದು. ಶಿರ್ವ ದಾಟಿತು.

ಬೆಳಿಗ್ಗೆ ಬಾಪ್ಪು ತೌಡು ಬೆರೆಸುತ್ತಾ, "ಇವತ್ತಿಗೆ ಲೀನಾಳ ಮರಿಗಳಿಗೆ ಮೂರು ವಾರ ಅಲ್ವಾ? ಸಿಪ್ಪೆ ಒಣಗಿಸಲಿಕ್ಕೆ ಚಾಪೆ ಹಾಸಿದ್ದಾಳಾ?" ಎಂದು ಕೇಳಿದರು. ನಾನು ನಕ್ಕೆ. ನಮ್ಮ ಆಟದ ವಿಷಯ ಹೇಳಿದೆ. ಹಸಿ ಸಿಪ್ಪೆಯೇ ಈ ಸಲದ ಸುಳ್ಳು, ಅಕ್ಕ ಓದಿದ ಕೂಡಲೇ ಹಿಡಿದಳು ಎಂದೆ.

ಬಾಪ್ಪು ಬಕೆಟನ್ನು ಕೆಳಗಿಟ್ಟರು.

"ಹಿಡಿದಳು ಅಂತ ಯಾರು ಹೇಳಿದ್ದು?"

"ಅವಳೇ ಬರೆದಿದ್ದಾಳೆ."

"ಸಿಪ್ಪೆ ಅಂತ ಬರೆದಿದ್ದಾಳಾ?"

ನಾನು ಪತ್ರ ತಂದು ನೋಡಿದೆ. ಬರೆದಿರಲಿಲ್ಲ.

ಕೋಳಿ ಅದನ್ನು ಮುಟ್ಟುವುದಿಲ್ಲ, ಹೆಚ್ಚೆಂದರೆ ಹೊಟ್ಟೆ ಕೆಡುತ್ತದೆ ಎಂದುಕೊಂಡಿದ್ದೆ. "ಹೊಟ್ಟೆ ಕೆಡುವುದಲ್ಲ ಮಾರಾಯ, ಹಸಿ ಸಿಪ್ಪೆಯಲ್ಲಿ ವಿಷ ಉಂಟು. ಬಿಸಿಲಲ್ಲಿ ಕಾದು ಹೋಗಬೇಕು ಅದು. ನನ್ನ ಅಪ್ಪ ಸಾಕಿದ ಎರಡು ಹಂದಿ ಅದನ್ನು ತಿಂದು ಗೂಡಿನ ಬಾಗಿಲಲ್ಲೇ ಬಿದ್ದವು" ಎಂದರು ಬಾಪ್ಪು. ಅವರ ದನಿ ಏರಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಫೋನ್ ಮಾಡಿದೆ. ಸಿಸ್ಟರ್ ಪ್ರೆಸಿಲ್ಲಾ ಎತ್ತಿದರು. "ಸಿಸ್ಟರ್, ನಾನು ಕ್ಲಾಯ್ಡ್, ಕೋಳಿಗಳಿಗೆ ವಿಷ" ಎಂದೆ. "ತಪಸ್ಸುಕಾಲದಲ್ಲಾದರೂ ಬಿಡಿ, ಕಾರ್ಯದರ್ಶಿಗಳೇ" ಎಂದು ಇಟ್ಟರು. ಬಾಪ್ಪು ಮಾಡಿದರು. ಅವರಿಗೆ ಗಾಬರಿಯಲ್ಲಿ ಕೆಮ್ಮು ಬಂತು. ಆ ಕೆಮ್ಮು ಕೇಳಿದ್ದೇ ಸಿಸ್ಟರ್ ಇಟ್ಟರು. ಮೂರನೆಯ ಸಲ ಎಂಗೇಜ್ ಬಂತು. ರಿಸೀವರ್ ತೆಗೆದು ಪಕ್ಕಕ್ಕೆ ಇಟ್ಟಿರಬೇಕು. ಆ ಕೆಮ್ಮನ್ನು ನಂಬಬಾರದೆಂದು ಸಿಸ್ಟರಿಗೆ ಕಲಿಸಿಕೊಟ್ಟವನು ನಾನೇ ಅಲ್ವಾ.

ಅಕ್ಕ, ನೀನು ಯಾವುದನ್ನು ಸುಳ್ಳು ಎಂದುಕೊಂಡೆ? ತೌಡು ನಿಜ. ಹಿಂಡಿ ನಿಜ. ಮೀನಿನ ಪುಡಿ ನಿಲ್ಲಿಸುವುದು ನಿಜ. ಉಳಿದದ್ದು ಒಂದೇ. ಅದೂ ನಿಜ.

ಬೆಳ್ಮಣ್ ಬಂತು. ಇಲ್ಲಿ ಬಸ್ ಬದಲಿಸಬೇಕು.

ಕಾರ್ಕಳ ಬಸ್ಸು ಹೊರಡುವುದಿಲ್ಲ. ಡ್ರೈವರ್ ಚಾ ಕುಡಿಯುತ್ತಿದ್ದಾನೆ. ಇನ್ನೂ ಕುಡಿಯುತ್ತಿದ್ದಾನೆ.

ನಾನು ಇದನ್ನು ಗೇಟಿನಲ್ಲಿ ಕೊಡುತ್ತೇನೆ. ಕೊಟ್ಟರೂ ನಿನ್ನ ಹೆಸರು ನೋಡಿ ಡ್ರಾಯರಿಗೆ ಹಾಕುತ್ತಾರೆ. ಏನು ಮಾಡುವುದೆಂದು ಗೊತ್ತಾಗುವುದಿಲ್ಲ.

ಕ್ಲಾಯ್ಡ್

*

ಕಾರ್ಕಳ
25 ಮಾರ್ಚ್ 2025, ಸಂಜೆ
(ಡ್ರಾಯರಿಗೆ)

ಕ್ಲಾಯ್ಡ್,

ಮೂರು ಸಲ ಕೈ ತೊಳೆದು ಬಂದು ಕುಳಿತೆ. ಬರೆಯದಿದ್ದರೆ ಆಗುವುದಿಲ್ಲ.

ಇವತ್ತು ದೇವದೂತ ಮರಿಯಮ್ಮನವರಿಗೆ ಸಂದೇಶ ತಂದ ಹಬ್ಬ. ಪೂಜೆ ಮುಗಿಸಿ ಬಂದು ಒಂದು ಬೋಗುಣಿ ಸಿಪ್ಪೆ ತುರಿದು, ನಡುವೆ ತಡಿಕೆ ಹಾಕಿದ ಗೂಡಿನ ಎಡಭಾಗದ ತಟ್ಟೆಗಳಿಗೆ ಹಾಕಿದೆ. ಹಸಿದಿದ್ದವು. ಮುಗಿಬಿದ್ದು ತಿಂದವು. ನನಗೆ ಖುಷಿಯಾಯಿತು. ಬಲಭಾಗಕ್ಕೆ ಸಾಲಲಿಲ್ಲವೆಂದು ಇನ್ನೊಂದು ಬೋಗುಣಿ ತುರಿಯಲು ಅಡುಗೆಮನೆಗೆ ಹೋದೆ.

ವಾಪಸು ಬರುವಾಗ ಗೂಡು ನಿಶ್ಶಬ್ದ. ಎಡಭಾಗದವು ಬಾಯಿ ತೆರೆದು ಗಾಳಿಯನ್ನು ಕಚ್ಚುತ್ತಿದ್ದವು. ಕೆಲವು ಆಗಲೇ ಕಾಲು ಚಾಚಿ ಬಿದ್ದಿದ್ದವು. ಕತ್ತು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ತಿರುಚಿತ್ತು. ಅವುಗಳ ನಡುವೆ ಕೆಂಪು ನೂಲು ಕಂಡಿತು.

ನನಗೆ ಸಿಪ್ಪೆಯ ಮೇಲೆ ಸಂಶಯವೇ ಬರಲಿಲ್ಲ, ಕ್ಲಾಯ್ಡ್. ಇದನ್ನು ಬರೆಯಲಿಕ್ಕೇ ಹೆದರಿಕೆಯಾಗುತ್ತದೆ. ರೋಗ ಬಂತು ಎಂದುಕೊಂಡೆ. ಬಲಭಾಗದವು ಗಟ್ಟಿಯಾಗಲಿ, ಬೇಗ ತಿನ್ನಲಿ ಎಂದು ಬೋಗುಣಿ ಹಿಡಿದು ಆ ಕಡೆ ಬಗ್ಗಿದೆ.

ಆಗ ಗೇಟಿನ ಕಡೆಯಿಂದ ಒಂದು ಕೂಗು. ಮೌನದ ಹೊತ್ತು. ಇಡೀ ಕಾನ್ವೆಂಟಿನಲ್ಲಿ ಚಮಚದ ಸದ್ದೂ ಇರಲಿಲ್ಲ.

"ಲೀನಾ, ಸಿಪ್ಪೆಯೇ ಸುಳ್ಳು."

ಎರಡು ಸಲ ಕೂಗಿದೆ ನೀನು. ಮೊದಲನೆಯ ಸಲಕ್ಕೇ ಬೋಗುಣಿ ನನ್ನ ಕೈಯಿಂದ ಬಿದ್ದಿತ್ತು.

ಆಮೇಲೆ ನಡೆದದ್ದೆಲ್ಲ ನೀರಿನೊಳಗೆ ನಡೆದ ಹಾಗೆ. ನೀನು ಗೇಟು ಹತ್ತಿ ಹಾರಿ ಓಡಿ ಬಂದೆ. ಹಿಂದೆ ಸಿಸ್ಟರ್ ಪ್ರೆಸಿಲ್ಲಾ. ಅಜ್ಜಿಯಂದಿರು ಜಗಲಿಯಲ್ಲಿ ಸಾಲಾಗಿ ನಿಂತರು. ನೀನು ಅಂಗಿಯಲ್ಲೇ ಬಾಚಿ ಬಾಚಿ ಸಿಪ್ಪೆ ಹೊರಗೆಸೆದೆ. ಅಷ್ಟು ಹೊತ್ತೂ ನೀನು ಒಂದು ತಮಾಷೆಯನ್ನೂ ಮಾಡಲಿಲ್ಲ. ನನಗೆ ಸತ್ತ ಕೋಳಿಗಳಿಗಿಂತ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ನಾವಿಬ್ಬರೂ ಒಂದು ಮಾತೂ ಆಡಲಿಲ್ಲ, ಅಲ್ವಾ? ಸಿಸ್ಟರ್ ನಿನ್ನ ಕಾಗದವನ್ನು ಡ್ರಾಯರಿಗೆಂದು ತೆಗೆದುಕೊಂಡು, ನೀರು ಕೊಟ್ಟು ಬಸ್ಸಿಗೆ ಕಳುಹಿಸಿದರು.

ಎಡಭಾಗ ಪೂರ್ತಿ ಹೋಯಿತು. ಬಲಭಾಗ ಉಳಿದಿದೆ. ಸಿಸ್ಟರ್ ನನ್ನನ್ನು ಇನ್ನೂ ಕರೆದಿಲ್ಲ.

ಅಕ್ಕ

*

ಕಾರ್ಕಳ
21 ಏಪ್ರಿಲ್ 2025

ಪ್ರೀತಿಯ ಕ್ಲಾಯ್ಡ್,

ಡ್ರಾಯರ್ ತೆರೆದರು. ನನ್ನ ಪತ್ರಗಳನ್ನು ಇದರ ಜೊತೆಗೇ ಕಳುಹಿಸುತ್ತಿದ್ದೇನೆ. ನೀನು ಬಸ್ಸಿನಲ್ಲಿ ಬರೆದದ್ದನ್ನು ನಿನ್ನೆ ಚಾಪೆಲ್‌ನ ಹಿಂದಿನ ಬೆಂಚಿನಲ್ಲಿ ಕುಳಿತು ಓದಿದೆ.

ನಾನು ಹಿಡಿದ ಸುಳ್ಳು ಯಾವುದೆಂದು ನಿನಗೆ ಬಸ್ಸಿನಲ್ಲೇ ಗೊತ್ತಾಗಿದೆ. ನಾನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ನನ್ನ ಸೂಟ್‌ಕೇಸಿಗೆ "ಜಾಗ್ರತೆ, ಒಡೆಯುವ ವಸ್ತು" ಎಂಬ ಚೀಟಿ ಅಂಟಿಸಿ ನೀನು ಎಷ್ಟು ನಕ್ಕಿದ್ದೆ. ಹಾಗೆ ನಗುವವನು ಅದೇ ದಿನ ಉಮಿಯಲ್ಲಿ ಕುಳಿತು ಅತ್ತಾನೆ ಎಂದು ನಾನು ಹೇಗೆ ನಂಬುವುದು? ಇದು ಶುದ್ಧ ಸುಳ್ಳು ಎಂದುಕೊಂಡೆ. ಒಂದು ಪತ್ರಕ್ಕೆ ಒಂದೇ. ಹಾಗಾದರೆ ಸಿಪ್ಪೆ ನಿಜ.

ನಾನು ನಿನ್ನನ್ನು ನಂಬದೆ ಹೋದದ್ದು ಅಳುವಿನಲ್ಲಿ, ನಂಬಿದ್ದು ಸಿಪ್ಪೆಯಲ್ಲಿ. ಎರಡೂ ತಪ್ಪಾಯಿತು.

ಸಿಸ್ಟರ್ ಕರೆದದ್ದು ಒಂದು ವಾರ ಬಿಟ್ಟು. ಆಟದ ವಿಷಯ ಎಲ್ಲ ಹೇಳಿದೆ. ಸಿಟ್ಟು ಮಾಡಲಿಲ್ಲ. "ಕೋಳಿ ಯಾರ ಕೈಯಲ್ಲೂ ಸಾಯುತ್ತದೆ. ಆದರೆ ಅಡುಗೆಮನೆಯಲ್ಲಿ, ಜಗಲಿಯಲ್ಲಿ ಇಷ್ಟು ಜನ ಇದ್ದೇವೆ. ಒಬ್ಬರನ್ನಾದರೂ ಕೇಳಬೇಕೆಂದು ನಿನಗೆ ಅನಿಸಲಿಲ್ಲವಲ್ಲ" ಎಂದರು. ನಿನ್ನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ. "ಆ ಹುಡುಗ ಗೇಟು ಹಾರುವಾಗ ಕೈ ಕುಯ್ದುಕೊಂಡನಲ್ಲ, ಮಾಯಿತಾ?" ಅವತ್ತು ಫೋನ್ ಇಟ್ಟದ್ದಕ್ಕೆ ಅವರಿಗೂ ನಿದ್ದೆ ಇಲ್ಲವೆಂದು ಕಾಣುತ್ತದೆ. ಕೇಳಿದರೆ ಒಪ್ಪುವುದಿಲ್ಲ.

ಇನ್ನು ನಿನ್ನ ಪಾಲಿನ ಆಟ. ಈಸ್ಟರ್‌ಗೆ ಉಳಿದ ಕೋಳಿಗಳು ಬಟಾಟೆ ಸೇರಿಸಿ ಎಲ್ಲರಿಗೂ ಸಾಕಾದವು. ಅಕ್ಕು ಅಜ್ಜಿ ತನ್ನದು ಹೋಯಿತೆಂದು ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದರು. ನಿನ್ನೆ ಕಾಲು ಬಡಿಸಿದಾಗ, "ಇದು ನನ್ನ ಕೆಂಪು ನೂಲಿನವಳದ್ದಲ್ಲ, ಆದರೂ ತಿನ್ನುವ, ಬಿಸಾಡಲಿಕ್ಕೆ ಆಗ್ತದಾ" ಎಂದು ತಿಂದರು. ನನ್ನ ವ್ರತ ಮುಂದಿನ ವರ್ಷದ ಮೇಗೆ ಹೋಯಿತು. ಜೂನ್‌ನಲ್ಲಿ ಮರಿಗಳು ಮತ್ತೆ ಬರುತ್ತವೆ, ಮತ್ತೆ ನನಗೇ ಕೊಡುತ್ತಾರಂತೆ. ಒಂದು ವರ್ಷ ಎಂತ ಮಹಾ, ನನಗೆ ಇದರಿಂದ ಏನೂ ಬೇಸರವಿಲ್ಲ.

ಅಕ್ಕ

*

ಕಾಪು
25 ಏಪ್ರಿಲ್ 2025

ಅಕ್ಕ,

ಸುಳ್ಳು ಸಿಕ್ಕಿತು. ಕೊನೆಯ ಮಾತು.

ಕೈ ಮಾಯಿತೆಂದು ಹೇಳಲಿಕ್ಕೆ ನಿನ್ನೆ ಸಿಸ್ಟರಿಗೆ ಫೋನ್ ಮಾಡಿದೆ, ನನ್ನ ದನಿಯಲ್ಲಿ. "ಸಿಸ್ಟರ್, ನಾನು ಲೀನಾಳ ತಮ್ಮ ಕ್ಲಾಯ್ಡ್" ಎಂದೆ. "ಹಿಂದೆ ಹುಂಜ ಕೂಗುವುದು ಕೇಳಿಸುವುದಿಲ್ಲವಲ್ಲ" ಎಂದರು. ನಾನು ಫೋನನ್ನು ಗೂಡಿನ ಹತ್ತಿರ ಹಿಡಿದೆ. ಅದು ಕೂಗುವ ತನಕ ಅವರೂ ಇಡಲಿಲ್ಲ, ನಾನೂ ಇಡಲಿಲ್ಲ.

ಮಳೆ ಹಿಡಿಯುವ ಮೊದಲು ಸಿಪ್ಪೆ ಒಣಗಿಸಿ ಚೀಲ ಕಟ್ಟಿಟ್ಟರೆ ಜೂನ್‌ನ ಮರಿಗಳಿಗೆ ಆದೀತು ಎಂದೆ. ಮುಂದಿನ ವಾರದ ಶನಿವಾರ ಬಾ, ಮುಂಬಾಗಿಲಿನಿಂದ ಬಾ ಎಂದರು.

ಅವತ್ತು ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಬಾಪ್ಪು ಒಂದು ದೊಡ್ಡ ಚಾಪೆ ಕೊಟ್ಟಿದ್ದಾರೆ. ಅಕ್ಕು ಅಜ್ಜಿಗೆ ಜಗಲಿಯಲ್ಲಿ ಕುರ್ಚಿ ಹಾಕಿಡು, ಕಾಗೆ ಓಡಿಸಲಿಕ್ಕೆ ಜನ ಬೇಕು. ಸಿಪ್ಪೆಯನ್ನು ನಾವಿಬ್ಬರೂ ಕುಳಿತು ತೆಳ್ಳಗೆ ಹರಡುವ. ನಿನಗೆ ಬೇಸರವಿಲ್ಲದ ವಿಷಯ ಆಗ ಹೇಳಿ ಮುಗಿಸು.

ಬಿಸಿಲು ಚೆನ್ನಾಗಿ ಉಂಟು.

ಕ್ಲಾಯ್ಡ್